ಸುಟ್ಟ ಇಟ್ಟಿಗೆಯ ಮೇಲಿನ ಹೆಜ್ಜೆ

"ಇದರಲ್ಲಿ ಎರಡೇ ಬೆರಳು ಮೇಡಂ. ಮಿಕ್ಕ ಪಾದ ಪಕ್ಕದ ಇಟ್ಟಿಗೆಗೆ ಹೋಗಿದೆ."

ಪೇದೆ ಇಟ್ಟಿಗೆಯನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ದಾಟಿಸುತ್ತ ಕುಣಿದುಕೊಂಡೇ ಬಂದ. ಇಟ್ಟಿಗೆ ಸುಡುವ ಗೂಡು ಬಿಚ್ಚಿದ್ದು ನಿನ್ನೆಯಾದರೂ ನಡುವಿನ ಇಟ್ಟಿಗೆಗಳು ಇನ್ನೂ ಮುಟ್ಟಿಸಿಕೊಳ್ಳುತ್ತಿರಲಿಲ್ಲ.

"ಕೆಳಗಿಡು ಮಾರಾಯ. ನಿನ್ನ ಕೈ ಸುಟ್ಟರೆ ಆಮೇಲೆ ವರದಿ ನಾನೇ ಬರೀಬೇಕು."

"ಕೈ ಸರಿಯಿದ್ದಾಗಲೂ ನೀವೇ ಅಲ್ವಾ ಬರೆಯೋದು? ನನ್ನ ಅಕ್ಷರ ಓದೋಕೆ ಸಾಹೇಬರಿಗೆ ಇನ್ನೊಬ್ಬ ಪೇದೆ ಬೇಕು."

ಠಾಣೆಯಲ್ಲಿ ಅವನಿಗೆ ರೇಡಿಯೋ ಎಂದು ಹೆಸರು. ಯಾರೂ ಕೇಳದಿದ್ದರೂ ನಡೆಯುತ್ತಲೇ ಇರುತ್ತಾನೆ.

ಇನ್‌ಸ್ಪೆಕ್ಟರಮ್ಮ ಮಗುಚಿದ ಬುಟ್ಟಿಯ ಮೇಲೆ ಕೂತು ಒಂದು ಕಾಲನ್ನು ಉದ್ದಕ್ಕೆ ಚಾಚಿಕೊಂಡಿದ್ದಳು. ಮಂಡಿ ಬಾತಿತ್ತು. ಇಟ್ಟಿಗೆ ಒಣಹಾಕುವ ಬಯಲಿನಲ್ಲಿ, ಆಕೆಯ ಮುಂದೆ, ಸುಟ್ಟ ಇಟ್ಟಿಗೆಗಳು ಒಂದೊಂದಾಗಿ ತಮ್ಮ ಹಳೆಯ ಜಾಗಕ್ಕೆ ಬರುತ್ತಿದ್ದವು.

ಇಟ್ಟಿಗೆ ಗೂಡಿನ ಮೇಸ್ತ್ರಿಯ ಹೆಣ ಮಣ್ಣು ಅಗೆದ ಆಳದ ಗುಂಡಿಯ ತಳದಲ್ಲಿ ಸಿಕ್ಕಾಗ ಅವನ ಬಲ ಮುಂಗೈ ಹರಿದಿತ್ತು. ಗುಂಡಿಯ ಪಕ್ಕದ ಹಸಿ ಇಟ್ಟಿಗೆಗಳ ಮೇಲೆ ಪ್ರಾಣಿಯ ಹೆಜ್ಜೆಗಳಿದ್ದವು. ತೋಳ ಎಂದು ಊರೇ ಒಪ್ಪಿಕೊಂಡಿತ್ತು.

ಆಗ ಆಕೆ ಮಂಡಿಯ ದೆಸೆಯಿಂದ ರಜೆಯಲ್ಲಿದ್ದಳು. ಬದಲಿಗೆ ಬಂದವರು ಚೆನ್ನಾಗಿ ಮೂಡಿದ ಒಂದೇ ಒಂದು ಹೆಜ್ಜೆಯ ಫೋಟೋ ತೆಗೆದು, ಅದನ್ನು ಪಶುವೈದ್ಯನಿಗೆ ತೋರಿಸಿ, ತೋಳವೆಂದು ಬರೆಸಿಕೊಂಡು ಹೋಗಿದ್ದರು. ಆ ಪಶುವೈದ್ಯ ಆಕೆಯ ಒಡಹುಟ್ಟಿದ ತಮ್ಮ.

ಇವತ್ತು ಬೆಳಿಗ್ಗೆ ತೋಳಗಳನ್ನು ಕೊಲ್ಲಲು ಅನುಮತಿ ಬಂದಿತ್ತು. ಮಧ್ಯಾಹ್ನದ ಊಟ ಮುಗಿಸಿ ಬಂದೂಕಿನವರು ಊರಾಚೆಯ ಬಂಡೆಗಳತ್ತ ಹೊರಡುತ್ತಾರೆ. ತಡೆಯಬೇಕಾದರೆ ತೋಳವೆಂದು ಬರೆದ ವೈದ್ಯನೇ ಅಲ್ಲವೆಂದು ಬರೆದುಕೊಡಬೇಕು. ಬೇರೆ ದಾರಿಯಿರಲಿಲ್ಲ.

"ಅಲ್ಲಲ್ಲ, ಅದು ಈ ಸಾಲಿಂದಲ್ಲ," ಎಂದಳು ಅಚ್ಚಿನಕ್ಕ.

ಆಕೆ ಇಟ್ಟಿಗೆ ಅಚ್ಚು ಹಾಕುವವಳು. ಮೊಣಕೈವರೆಗೆ ಒಣಗಿದ ಮಣ್ಣು, ಬರಿಗಾಲು. ಪ್ರತಿ ಸಾಲಿನ ಮೊದಲ ಇಟ್ಟಿಗೆಯ ಮೂಲೆಯಲ್ಲಿ ಬೆರಳ ಗೆಣ್ಣು ಒತ್ತುವುದು ಅಲ್ಲಿ ಅಚ್ಚು ಹಾಕುವವರ ವಾಡಿಕೆ. ಯಾರ ಸಾಲು ಎಂದು ತಿಳಿಯಲಿಕ್ಕೆ. ಆ ಗುರುತುಗಳನ್ನು ಹಿಡಿದುಕೊಂಡು, ಒಡೆದ ಪಾದಗಳ ಅರ್ಧಕ್ಕೆ ಅರ್ಧವನ್ನು ಕೂಡಿಸುತ್ತ, ಮೂವರೂ ಬೆಳಗಿನಿಂದ ಅದೇ ಕೆಲಸದಲ್ಲಿದ್ದರು.

"ಒಂದು ಹೆಜ್ಜೆ ನೋಡಿದ್ರೆ ಗೊತ್ತಾಗಲ್ವಾ ಮೇಡಂ? ಇಷ್ಟೆಲ್ಲ ಯಾಕೆ ಜೋಡಿಸ್ಬೇಕು?" ರೇಡಿಯೋ ಸೊಂಟ ಹಿಡಿದುಕೊಂಡು ಕೇಳಿದ.

"ನಿನ್ನ ಒಂದು ಮಾತು ಕೇಳಿದವರು ನಿನ್ನನ್ನ ಜಾಣ ಅಂದ್ಕೋತಾರೆ. ಒಂದು ಗಂಟೆ ಕೇಳಬೇಕು."

ಅಚ್ಚಿನಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಹಿಂದೆ ಕಾಡಂಚಿನ ಠಾಣೆಯಲ್ಲಿದ್ದಾಗ ಕುರಿ ಕಳೆದುಕೊಂಡವರ ದೂರುಗಳ ಹಿಂದೆ ತಿರುಗಿ ತಿರುಗಿ ಆಕೆ ಕಲಿತ ವಿದ್ಯೆ ಇದು. ತೋಳ ತಿಂದಿತೆಂದು ಬರೆಸಿದ ಕುರಿಗಳಲ್ಲಿ ಎಷ್ಟನ್ನೋ ಪಕ್ಕದ ಮನೆಯ ನಾಯಿಗಳೇ ಕೆಡವಿರುತ್ತಿದ್ದವು. ಒಂಟಿ ಹೆಜ್ಜೆ ಸುಳ್ಳು ಹೇಳಬಲ್ಲದು. ದೊಡ್ಡ ನಾಯಿಯ ಪಾದ ಒಳ್ಳೆಯ ಮಣ್ಣಿನಲ್ಲಿ ಸರಿಯಾಗಿ ಊರಿದರೆ ತೋಳದ್ದೇ ಅನ್ನಿಸುತ್ತದೆ. ನಡಿಗೆ ಹಾಗಲ್ಲ.

"ತೋಳ ಹೊಟ್ಟೆಪಾಡಿಗೆ ನಡೆಯುತ್ತೆ," ಎಂದಳು, ಯಾರಿಗೆಂದಿಲ್ಲದೆ. "ಮುಂದಿನ ಕಾಲು ಇಟ್ಟ ಗುರುತಿಗೇ ಹಿಂದಿನ ಕಾಲು ಇಡುತ್ತೆ. ದಾರ ಎಳೆದ ಹಾಗೆ ನೇರ. ಸುಮ್ಮನೆ ಒಂದು ಹೆಜ್ಜೆ ಖರ್ಚು ಮಾಡಲ್ಲ. ನಾಯಿಗೆ ಮನೇಲಿ ಊಟ ಇರುತ್ತೆ. ಅದು ಅಲ್ಲಿ ಮೂಸಿ, ಇಲ್ಲಿ ತಿರುಗಿ, ವಾಪಸ್ ಬಂದು..."

"ನಮ್ಮ ಭಾವಮೈದ ಕೆಲಸಕ್ಕೆ ಹೋದ ಹಾಗೆ," ಎಂದ ರೇಡಿಯೋ.

ಆದರೆ ಅವನ ದೃಷ್ಟಿಯೂ ನೆಲಕ್ಕೆ ಇಳಿದಿತ್ತು. ಬಯಲಿನ ಮೇಲೆ ಈಗ ಹೆಜ್ಜೆಗಳ ಜಾಡು ಮೂಡಿತ್ತು. ನೇರವಿರಲಿಲ್ಲ. ಅಂಕುಡೊಂಕಾಗಿ ಹೋಗಿ, ಸುತ್ತು ಹಾಕಿ, ಮತ್ತೆ ಬಂದಿತ್ತು. ಹಿಂದಿನ ಪಾದ ಮುಂದಿನ ಪಾದದ ಪಕ್ಕದಲ್ಲೆಲ್ಲೋ ಬಿದ್ದಿತ್ತು. ಹೊರಬೆರಳುಗಳು ಅಗಲಿದ್ದವು. ಉಗುರಿನ ಗುರುತು ಮೊಂಡ. ಗಟ್ಟಿ ನೆಲದಲ್ಲಿ ಓಡಾಡಿ ಸವೆದ ಉಗುರು.

"ನಾಯಿ," ಎಂದ ರೇಡಿಯೋ, ಮೆಲ್ಲಗೆ.

"ನಾಯಿ."

"ಒಂದು ಪಾದದಲ್ಲಿ ಹೊರಗಿನ ಬೆರಳು ಸರಿಯಾಗಿ ಊರಿಲ್ಲ ನೋಡಿ. ಎಲ್ಲಾ ಕಡೆ ಹಾಗೇ ಇದೆ."

ಆಕೆ ಅದನ್ನು ಆಗಲೇ ನೋಡಿದ್ದಳು.

"ಮತ್ತೆ ಇದೇನು?" ಅವನು ಬಗ್ಗಿ ಒಂದು ಇಟ್ಟಿಗೆಯ ಅಂಚು ತೋರಿಸಿದ. ನಾಯಿ ಸುತ್ತಿ ಸುತ್ತಿ ಎಲ್ಲಿಗೆ ಮರಳಿತ್ತೋ ಅಲ್ಲೆಲ್ಲ ಒಂದೊಂದು ದುಂಡನೆಯ ಗುಳಿ. ಗುಳಿಯೊಳಗೆ ಓರೆ ಗೆರೆಗಳು. ನಡುವಿನಿಂದ ತುಸು ಸರಿದು ಒಂದು ಮೊಳೆಯ ತಲೆಯಷ್ಟು ಚುಕ್ಕೆ.

"ಕೋಲು," ಎಂದಳು ಅಚ್ಚಿನಕ್ಕ. "ನಮ್ಮದಲ್ಲ. ನಾವ್ಯಾರೂ ಹಸಿ ಇಟ್ಟಿಗೆ ಮೇಲೆ ಕಾಲಿಡಲ್ಲ, ಕೋಲೂ ಇಡಲ್ಲ."

"ಗೂಡಿನ ಯಜಮಾನರ ಕೈಯಲ್ಲಿ ಒಂದು ಕೋಲಿರುತ್ತೆ," ರೇಡಿಯೋನ ಮುಖ ಅರಳಿತು.

"ಅದರ ತುದಿಗೆ ಹಿತ್ತಾಳೆ ಬಿಲ್ಲೆ. ಇದು ರಬ್ಬರು." ಇನ್‌ಸ್ಪೆಕ್ಟರಮ್ಮ ಆ ಇಟ್ಟಿಗೆಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಇನ್ನೂ ಬಿಸಿಯಾಗಿತ್ತು. ಆದರೂ ಇಳಿಸಲಿಲ್ಲ.

"ಏನಾಯ್ತು ಮೇಡಂ? ಮುಖ ಒಂಥರಾ ಆಯ್ತು."

"ಮಂಡಿ," ಎಂದಳು.

ಜಾಡಿನ ಕೊನೆಗೆ, ಗುಂಡಿಯ ಹತ್ತಿರ, ಒಂದು ಚಾಪೆಯಷ್ಟು ಜಾಗ ಖಾಲಿ ಉಳಿದಿತ್ತು. ಅಲ್ಲಿಗೆ ಕೂರುವ ಇಟ್ಟಿಗೆ ಗೂಡಿನಲ್ಲಿ ಸಿಕ್ಕಿರಲಿಲ್ಲ.

"ಒಡೆದು ಹೋಗಿರಬೇಕು," ಎಂದಳು ಅಚ್ಚಿನಕ್ಕ. "ಉರಿಗೆ ಕೆಲವು ಒಡೀತವೆ."

"ಇದನ್ನೆಲ್ಲ ಗೂಡಿಗೆ ಹಾಕು ಅಂದಿದ್ಯಾರು? ಗುರುತು ಬಿದ್ದ ಹಸಿ ಇಟ್ಟಿಗೆನ ನೀವು ಏನು ಮಾಡ್ತೀರಿ ಸಾಮಾನ್ಯವಾಗಿ?"

"ನೀರು ಹಾಕಿ ತುಳಿದು ಮತ್ತೆ ಮಣ್ಣು ಮಾಡ್ತೀವಿ. ಹೊಸದಾಗಿ ಅಚ್ಚು ಹಾಕ್ತೀವಿ."

"ಹಾಗೆ ಮಾಡಿದ್ರೆ ಗುರುತೇ ಉಳೀತಿರಲಿಲ್ಲ."

"ಉಳೀತಿರಲಿಲ್ಲ."

"ಬೆಂಕಿಗೆ ಹಾಕಿದ್ರಿಂದ ಕಲ್ಲಾಗಿ ಉಳೀತು. ಯಾರು ಹೇಳಿದ್ದು?"

ಅಚ್ಚಿನಕ್ಕ ಕೈಯ ಮಣ್ಣನ್ನು ಉಗುರಿನಿಂದ ಕೆರೆಯತೊಡಗಿದಳು. "ದನದ ಡಾಕ್ಟರು. ಪ್ರಾಣಿಗೆ ಹುಚ್ಚು ಹಿಡಿದಿರಬಹುದು, ಜೊಲ್ಲು ಬಿದ್ದಿರುತ್ತೆ, ಹೆಜ್ಜೆ ಬಿದ್ದಿದ್ದೆಲ್ಲ ಒಂದೇ ಕಡೆ ಇಟ್ಟು ಜೋರು ಉರೀಲಿ ಸುಡಿ ಅಂದ್ರು. ನಾವು ಒಣಗಿಸಿ, ಗೂಡಿನ ನಡುವಿಗೆ ಇಟ್ವಿ."

ರೇಡಿಯೋ ಇನ್‌ಸ್ಪೆಕ್ಟರಮ್ಮನ ಮುಖ ನೋಡಿದ.

ತಮ್ಮ ರೋಗದ ವಿಷಯ ಓದಿದವನು. ಬೇಡವಾದದ್ದನ್ನೆಲ್ಲ ಸುಟ್ಟುಬಿಡು ಎಂದು ಕಲಿತವನು. ಇಟ್ಟಿಗೆಯ ವಿಷಯ ಅವನಿಗೇನು ಗೊತ್ತು?

ಆಕೆ ರೇಡಿಯೋನ ತೋಳು ಹಿಡಿದು ಎದ್ದಳು. "ದನದ ಆಸ್ಪತ್ರೆಗೆ ನಡಿ. ಈ ಇಟ್ಟಿಗೆಗಳನ್ನ ಜೀಪಿಗೆ ಹಾಕು."

"ನಾನೂ ಬರ್ತೀನಿ ಅಮ್ಮಾ," ಎಂದಳು ಅಚ್ಚಿನಕ್ಕ. "ನೀವು ಸಾಲು ತಪ್ಪಿಸ್ತೀರಿ." ಆಮೇಲೆ, ಬುಟ್ಟಿ ಎತ್ತಿಕೊಳ್ಳುತ್ತ, "ಆ ತೋಳ ಮರಿ ಹಾಕಿದೆ. ಸೌದೆಗೆ ಹೋದಾಗ ನೋಡಿದೀನಿ. ಬಂಡೆ ಸಂದೀಲಿ ಮೂತಿ ಮೂತಿ ಕಾಣ್ತಿತ್ತು. ಪಾಪದ್ದು, ಅದೇನೂ ಮಾಡಿಲ್ಲ," ಎಂದಳು.

*

ತಮ್ಮನ ಮನೆ ಊರ ಕೊನೆಯಲ್ಲಿತ್ತು. ಬೀದಿ ಅಲ್ಲಿಗೆ ಮುಗಿದು ಕುರುಚಲು ಬಯಲು, ಅದರಾಚೆ ಬಂಡೆಗಳು. ಮನೆಯ ಮುಂದಿನ ಕೋಣೆಯೇ ಆಸ್ಪತ್ರೆ. ತಗಡಿನ ಮೇಜು, ಔಷಧದ ಘಾಟು, ಗೋಡೆಯ ಮೇಲೆ ಹಸುವಿನ ಹೊಟ್ಟೆಯ ಚಿತ್ರ. ಅವನು ಒಂದು ಬೆಕ್ಕನ್ನು ಚೀಲಕ್ಕೆ ತುಂಬಿ ಅದರ ಒಡತಿಗೆ ಕೊಟ್ಟು ಕಳಿಸುತ್ತಿದ್ದ. ಕೈತುಂಬ ಪರಚಿದ ಗೆರೆ.

"ಬಂದ್ಯಾ ಅಕ್ಕ? ಮಂಡಿ ಹೆಂಗಿದೆ? ಮೆಟ್ಟಿಲು ಹತ್ತಬೇಡ ಅಂದ್ರೆ ಕೇಳಲ್ಲ."

ಆಕೆ ಇಟ್ಟಿಗೆಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದಿಟ್ಟಳು. ರೇಡಿಯೋ ಬಾಗಿಲಾಚೆ ಹೋಗಿ ನಿಂತ. ಅಚ್ಚಿನಕ್ಕ ಜೀಪಿನಲ್ಲೇ ಕೂತಿದ್ದಳು.

ತಮ್ಮ ಇಟ್ಟಿಗೆಗಳನ್ನು ನೋಡಿದ. ಪರಚಿದ ಕೈಗೆ ಹತ್ತಿ ಒತ್ತಿಕೊಂಡ.

"ಸುಟ್ಟ ಮೇಲೆ ಇಟ್ಟಿಗೆ ಕುಗ್ಗುತ್ತೆ. ಇದರ ಅಳತೆ ಹಿಡಿದು ತೋಳ ಅಲ್ಲ ಅನ್ನೋಕೆ ಬರಲ್ಲ."

"ನಾನು ಅಳತೆ ಹಿಡಿದೇ ಇಲ್ಲ. ನಡಿಗೆ ನೋಡಿದೆ."

"ಮಣ್ಣು ಜಾರುತ್ತೆ ಅಕ್ಕ. ಜಾರಿದಾಗ ತೋಳದ ಬೆರಳೂ ಅಗಲ ಆಗುತ್ತೆ."

"ಉಗುರೂ ಸವೆಯುತ್ತಾ?"

ಅವನು ಹತ್ತಿಯನ್ನು ಬುಟ್ಟಿಗೆ ಎಸೆದ. ಗುರಿ ತಪ್ಪಿ ನೆಲಕ್ಕೆ ಬಿತ್ತು.

"ಬಂಡೆ ಹತ್ರ ಇರೋ ತೋಳ ಯಾರಿಗೆ ಏನಾಗಬೇಕು ಹೇಳು? ಅದರ ಹೆಸರು ಬರೆದ್ರೆ ಯಾರ ಮನೆ ಬಾಗಿಲಿಗೂ ಪೊಲೀಸ್ ಬರಲ್ಲ. ಮೇಸ್ತ್ರಿ ಎಂಥವನು ಅಂತ ನಿಂಗೂ ಗೊತ್ತು. ಅಚ್ಚಿನ ಹೆಂಗಸರ ಮೇಲೆ ಕೈ ಮಾಡ್ತಿದ್ದ. ಊರಿಗೇ ಗೊತ್ತು. ಅವನಿಗೋಸ್ಕರ ನೀನು ಮಂಡಿ ಸವೆಸ್ಕೋಬೇಡ."

"ಅವನಿಗೋಸ್ಕರ ಅಲ್ಲ."

"ಮತ್ತೆ?"

"ಇಷ್ಟು ವರ್ಷ ನನ್ನ ಮುಂದೆ ಕೂತು ಸುಳ್ಳು ಹೇಳಿದೋರು ಎಷ್ಟು ಜನ ಅಂತ ಲೆಕ್ಕ ಇಟ್ಟಿಲ್ಲ ಕಣೋ. ಬೇಸರ ಆಗೋದು ಬಿಟ್ಟೇಹೋಗಿತ್ತು. ಇವತ್ತು ಆಯ್ತು."

ಅವನು ಸ್ಟೂಲು ಎಳೆದು ಕೂತ. ಚಿಕ್ಕವನಿದ್ದಾಗ ಜ್ವರ ಬಂದರೆ ಹೀಗೇ ಕೂರುತ್ತಿದ್ದ, ಎರಡೂ ಕೈ ತೊಡೆಯ ನಡುವೆ ಸಿಕ್ಕಿಸಿಕೊಂಡು.

"ತೋಳ ಅಲ್ಲ ಅಂತ ಬರ್ಕೊಡ್ತೀನಿ," ಎಂದ. "ಈಗಲೇ ಕೊಡ್ತೀನಿ, ಬೇಟೆಯವರನ್ನ ನಿಲ್ಲಿಸು. ಆದ್ರೆ ಯಾವ ನಾಯಿ ಅಂತ ನನ್ನ ಕೇಳಬೇಡ. ಬೀದೀಲಿ ಬೇಕಾದಷ್ಟು ನಾಯಿಗಳಿವೆ."

"ಬರಿ."

ಅವನು ಬರೆದ, ಸಹಿ ಹಾಕಿದ. ಆಕೆ ಬಾಗಿಲಿಗೆ ಹೋಗಿ ಕಾಗದವನ್ನು ರೇಡಿಯೋಗೆ ಕೊಟ್ಟಳು. "ಫೋನ್ ಮಾಡು. ಬೇಟೆ ನಿಲ್ಲಿಸಬೇಕು, ಕಾಗದ ಇದೆ ಅನ್ನು."

ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. ಬಗಲಿನ ಚೀಲದಿಂದ, ಬಟ್ಟೆಯಲ್ಲಿ ಸುತ್ತಿದ ಕೊನೆಯ ಇಟ್ಟಿಗೆಯನ್ನು ತೆಗೆದು ಅವನ ಮುಂದಿಟ್ಟಳು. ದುಂಡನೆಯ ಗುಳಿ, ಓರೆ ಗೆರೆ, ಸರಿದು ಕೂತ ಚುಕ್ಕೆ.

"ಇದು ಕೋಲಿನ ತುದಿಗೆ ಹಾಕಿದ ಸೈಕಲ್ ಟೈರಿನ ತುಂಡು. ಕತ್ತರಿಸಿದ್ದು ನಾನು. ಮೊಳೆ ಹೊಡೆದಿದ್ದೂ ನಾನು. ಸುತ್ತಿಗೆ ಜಾರಿ ನಡುವಿಗೆ ಬೀಳಲಿಲ್ಲ. ಸೊಟ್ಟಗಾಯ್ತು ಅಂತ ಅಮ್ಮ ಆಡಿಕೊಂಡ್ಲು."

ಅವನು ಸುತ್ತಿದ್ದ ಬಟ್ಟೆಯನ್ನು ಮತ್ತೆ ಇಟ್ಟಿಗೆಯ ಮೇಲೆ ಎಳೆದ.

"ಬಾಗಿಲ ಸಂದಿಗೆ ಸಿಕ್ಕಿ ಬೂದನ ಬೆರಳು ಜಜ್ಜಿಹೋದಾಗ ಹೊಲಿಗೆ ಹಾಕಿದ್ದು ನೀನು. ಕಾಲು ಹಿಡಿದುಕೊಂಡಿದ್ದೋಳು ನಾನು. ಆ ಬೆರಳು ಊರದ ಹೆಜ್ಜೇನ ನಾನು ಯಾವ ಮಣ್ಣಲ್ಲಾದ್ರೂ ಗುರುತು ಹಿಡೀತೀನಿ."

"ಗೊತ್ತಿದ್ದೂ ಬರೆಸಿದ್ಯಾ?" ಅವನ ದನಿ ಏರಿತು. "ಗೊತ್ತಿದ್ದೂ ನನ್ನ ಕೈಲೇ ಬರೆಸಿದ್ಯಾ ಅಕ್ಕ? ಅಮ್ಮನ್ನ ಠಾಣೇಲಿ ಕೂರಿಸ್ತೀಯಾ? ಕಣ್ಣಿಗೆ ಪೊರೆ ಬಂದಿರೋಳು, ಕೋಲಿಲ್ಲದೆ ಬಚ್ಚಲಿಗೂ ಹೋಗಲಾರಳು, ಅವಳನ್ನ..."

"ಕಿರುಚಬೇಡ. ಪಕ್ಕದ ಮನೆಯವರಿಗೆ ಕಿವಿ ಚೆನ್ನಾಗಿದೆ."

ಹೇಳಿದ್ದು ಇನ್‌ಸ್ಪೆಕ್ಟರಮ್ಮನಲ್ಲ.

ಒಳಮನೆಯ ಬಾಗಿಲಲ್ಲಿ ತಾಯಿ ನಿಂತಿದ್ದಳು. ಪಕ್ಕದಲ್ಲಿ ಬೂದುಬಣ್ಣದ ದೊಡ್ಡ ನಾಯಿ, ಬೂದ. ನಾಯಿ ಒಂದು ಕಾಲನ್ನು ತುಸು ಎತ್ತಿ ಹಿಡಿದಿತ್ತು. ಇನ್‌ಸ್ಪೆಕ್ಟರಮ್ಮನನ್ನು ಕಂಡು ಬಾಲ ಆಡಿಸಿ, ಅಡ್ಡಾದಿಡ್ಡಿ ಬಂದು, ಮೇಜಿನ ಕಾಲು ಮೂಸಿ, ಮತ್ತೆ ಹೋಗಿ ತಾಯಿಯ ಕೋಲಿನ ಪಕ್ಕ ಕೂತಿತು.

"ಅಮ್ಮ, ನೀನು ಒಳಗೆ ಹೋಗು," ಎಂದ ತಮ್ಮ.

"ಎಷ್ಟು ದಿನ ಒಳಗಿರಲಿ? ನನ್ನ ಕತೇನ ನೀವಿಬ್ಬರೇ ಹೇಳಿಕೊಂಡ್ರೆ ಹೆಂಗೆ?" ತಾಯಿ ಗೋಡೆ ಸವರಿಕೊಂಡು ಬಂದು ಕುರ್ಚಿ ಹುಡುಕಿ ಕೂತಳು. "ನೀನು ಕೂತ್ಕೋ ಮೊದಲು. ನಿನ್ನ ಮಂಡಿ ಸದ್ದು ಇಲ್ಲಿಗೆ ಕೇಳುತ್ತೆ."

ಮಗಳು ಕೂತಳು.

"ಬೆಳಕು ಹರಿಯೋ ಮುಂಚೆ ಅಡ್ಡಾಡೋಕೆ ಹೋಗ್ತೀನಲ್ಲ, ಹೋಗಿದ್ದೆ. ಗೂಡಿನ ಬಯಲಲ್ಲಿ ಯಾರೋ ಅಳೋದು ಕೇಳ್ತು. ಹೆಂಗಸು. ಮೇಸ್ತ್ರಿ ಬೈತಿದ್ದ, ಹೊಡೀತಿದ್ದ. ಹೊಡೆತ ನಂಗೆ ಕೇಳಿಸ್ತು. ಬೂದಂಗೂ ಕೇಳಿಸ್ತು. ನಾನು ಹಿಡಿಯೋಷ್ಟರಲ್ಲಿ ಓಡಿಹೋಗಿ ಅವನ ಕೈ ಹಿಡಿದ. ಹೊಡೆಯೋ ಕೈ."

"ಆಮೇಲೆ?"

"ಆಮೇಲೆ ನಾನು ಕರೆದೆ. ಬಿಟ್ಟು ಬಂದ. ಬಂದು ನನ್ನ ಕಾಲ ಹತ್ರ ಕೂತ. ನೋಡು, ಈಗ ಕೂತಿದಾನಲ್ಲ, ಹಿಂಗೇ." ತಾಯಿ ನಾಯಿಯ ತಲೆಯ ಮೇಲೆ ಕೈಯಿಟ್ಟಳು. "ಅವನು ನನ್ನ ಹತ್ರ ಕೂತ ಮೇಲೆ ಮೇಸ್ತ್ರಿ ಗುಂಡಿಗೆ ಬಿದ್ದ ಸದ್ದು ಬಂತು."

ತಮ್ಮ ಸ್ಟೂಲು ಬಿಟ್ಟು ಎದ್ದ.

"ಇದನ್ನ ನಂಗೂ ಹೇಳಲಿಲ್ವಲ್ಲಮ್ಮ," ಎಂದ ತಮ್ಮ. "ಬೂದ ಕಚ್ಚಿದ, ಅವನು ಬಿದ್ದ ಅಂದೆ."

"ಎರಡೂ ನಿಜಾನೇ. ಮಧ್ಯದ್ದು ಬಿಟ್ಟೆ."

"ಯಾರಮ್ಮ ಆ ಹೆಂಗಸು?" ಇನ್‌ಸ್ಪೆಕ್ಟರಮ್ಮ ಕೇಳಿದಳು.

"ಈ ಕಣ್ಣಿಗೆ ಏನು ಕಾಣುತ್ತೆ? ಅವಳು ಓಡೋವಾಗ ನನ್ನ ಪಕ್ಕದಲ್ಲೇ ಹಾದುಹೋದಳು. ಹಸಿ ಇಟ್ಟಿಗೆ ಮೇಲೇ ಓಡಿದಳು. ಚಪ್ಪಲಿ ಸದ್ದಿಲ್ಲ. ಪಚಪಚ ಅಂತ ಬರಿಗಾಲು." ತಾಯಿ ಮುಖವನ್ನು ಮೇಜಿನತ್ತ ತಿರುಗಿಸಿದಳು. "ಅವಳ ಪಾದಾನೂ ಅಲ್ಲೇ ಮೂಡಿರಬೇಕಲ್ಲ. ಆ ಇಟ್ಟಿಗೆ ತರಲಿಲ್ವಾ?"

ಗುಂಡಿಯ ಪಕ್ಕದ ಖಾಲಿ ಜಾಗ ಇನ್‌ಸ್ಪೆಕ್ಟರಮ್ಮನ ಕಣ್ಣಿಗೆ ಬಂತು. ಚಾಪೆಯಷ್ಟು ಜಾಗ. ಉರಿಗೆ ಒಡೆದರೆ ತುಂಡಾದರೂ ಸಿಗಬೇಕಿತ್ತು. ಒಂದು ಚೂರೂ ಸಿಕ್ಕಿರಲಿಲ್ಲ.

ಮಿಕ್ಕವನ್ನು ಬೆಂಕಿಗೆ ಹಾಕಿಸಿದ್ದು ಇಟ್ಟಿಗೆ ತಿಳಿಯದ ತಮ್ಮ. ಆ ಚಾಪೆಯಷ್ಟನ್ನು ಮಾತ್ರ ಯಾರೋ ಅದಕ್ಕೂ ಮೊದಲೇ ನೀರು ಹಾಕಿ ತುಳಿದು ಮತ್ತೆ ಮಣ್ಣು ಮಾಡಿದ್ದರು. ಇಟ್ಟಿಗೆ ಗೊತ್ತಿದ್ದವರು. ಬೆಳಗಿನಿಂದ ಜೊತೆಗೆ ಕೂತು, ಸಾಲಿಗೆ ಸಾಲು ಜೋಡಿಸಿಕೊಟ್ಟು, ಉರಿಗೆ ಒಡೆದಿರಬೇಕು ಎಂದವರು.

ಆಕೆ ಏಳಲು ಹೋದಳು. ಮಂಡಿ ಒಪ್ಪಲಿಲ್ಲ. ಎರಡನೆಯ ಸಲಕ್ಕೆ ಎದ್ದಳು.

ಅಷ್ಟರಲ್ಲಿ ಬಾಗಿಲು ತೆರೆಯಿತು. ರೇಡಿಯೋ, ಕಿವಿಗೆ ಫೋನು ಒತ್ತಿಕೊಂಡೇ ಇದ್ದ. "ಸಿಗ್ತಿಲ್ಲ ಮೇಡಂ. ಬೇಟೆಯವರು ಆಗಲೇ ಬಂಡೆಗಳ ಒಳಗೆ ಹೋಗಿದಾರಂತೆ, ಅಲ್ಲಿ ಫೋನು ಹಿಡಿಯಲ್ಲ. ನಾನು ಇದನ್ನೇ ಜೀಪಿನ ಹತ್ರ ನಿಂತು ಕಚೇರಿಯವರಿಗೆ ಹೇಳ್ತಿದ್ದೆ. ಹಿಂತಿರುಗಿ ನೋಡಿದ್ರೆ..."

ಆಕೆ ಅವನನ್ನು ಪಕ್ಕಕ್ಕೆ ಸರಿಸಿ ಹೊರಗೆ ಬಂದಳು.

ಜೀಪಿನ ಹಿಂದಿನ ಸೀಟಿನಲ್ಲಿ ಅಚ್ಚಿನಕ್ಕನ ಬುಟ್ಟಿ ಮಾತ್ರ ಇತ್ತು. ಬೀದಿಯ ಮೆತ್ತನೆಯ ದೂಳಿನಲ್ಲಿ ಬರಿಗಾಲಿನ ಗುರುತುಗಳು. ಒಂದೂ ಅತ್ತಿತ್ತ ಸರಿದಿರಲಿಲ್ಲ. ದಾರ ಎಳೆದ ಹಾಗೆ, ಒಂದರ ಮುಂದೊಂದು, ಕುರುಚಲು ಬಯಲಿನೊಳಗೆ ನೇರ ಬಂಡೆಗಳ ಕಡೆಗೆ ಹೋಗಿದ್ದವು.

ಮರಿಗಳನ್ನು ಉಳಿಸಲು ಹೊರಟಳೋ, ಇನ್ನು ಮರಳಿ ಬರಬಾರದೆಂದೇ ಹೊರಟಳೋ, ಹೆಜ್ಜೆ ನೋಡಿ ಹೇಳುವಂತಿರಲಿಲ್ಲ.

"ಪೊದೆ ಅಲ್ಲಾಡಿದ ಕಡೆ ಗುಂಡು ಹಾರಿಸಿ ಅಂತ ಹೇಳಿ ಕಳಿಸಿದಾರೆ ಮೇಡಂ ಅವರಿಗೆ," ಎಂದ ರೇಡಿಯೋ, ಹಿಂದಿನಿಂದ, ಸಣ್ಣ ದನಿಯಲ್ಲಿ.

ಇನ್‌ಸ್ಪೆಕ್ಟರಮ್ಮ ಬಯಲಿನಿಂದ ಕಣ್ಣು ತೆಗೆಯದೆ, ಬಾಗಿಲಿಗೆ ಬಂದು ನಿಂತಿದ್ದ ತಾಯಿಯ ಕೋಲಿಗಾಗಿ ಕೈ ಚಾಚಿದಳು.